ದೋಣಿಯ ಎಂಜಿನ್ನನ್ನು ಎರಡು ಇಂಚು ಇಳಿಸಿದ್ದು

ಆ ದೋಣಿ ಚಿಕ್ಕಬಳ್ಳಾಪುರದಲ್ಲಿ ನಮ್ಮ ಯೋಜನಾ ಕಚೇರಿಯ ಹಿಂದಿನ ಷೆಡ್ಡಿನಲ್ಲಿ ಬೋರಲು ಬಿದ್ದಿತ್ತು. ಅದರ ಮೇಲೆ ಹಳೆಯ ಬಲೆಗಳನ್ನೂ ಯಾರದೋ ಮುರಿದ ಸೈಕಲ್ಲನ್ನೂ ಪೇರಿಸಿದ್ದರು. ಕೆರೆಗಳಲ್ಲಿ ಮೀನು ಸಾಕುವ ಯೋಜನೆಗೆಂದು ಕರಾವಳಿಯಿಂದ ತರಿಸಿದ್ದು. ಅದು ಬಂದ ವರ್ಷವೇ ಕೆರೆಗಳು ಒಣಗಿದವು. ಆಮೇಲಿನ ವರ್ಷಗಳಲ್ಲಿ ಅದು ಕಚೇರಿಗೆ ಬಂದವರಿಗೆಲ್ಲ ಒಂದು ತಮಾಷೆಯಾಗಿ ಉಳಿಯಿತು. "ಏನ್ ಸಾರ್, ಪ್ರಳಯಕ್ಕೆ ಕಾಯ್ತಿದೀರಾ?" ಎಂದು ಕೇಳದವರಿಲ್ಲ.

ಹದಿನಾಲ್ಕು ಅಡಿಯ ಮರದ ದೋಣಿ, ಹೊರಗೆ ಫೈಬರ್ ಹೊದಿಕೆ. ಬಣ್ಣ ನೀಲಿ ಎಂದು ನನ್ನ ನೆನಪು. ಆಗಿನ ಒಂದು ಫೋಟೋದಲ್ಲಿ ಅದು ಹಸಿರಾಗಿ ಕಾಣುತ್ತದೆ. ಹಳೆಯ ಫೋಟೋಗಳ ಬಣ್ಣವನ್ನು ನಂಬುವುದೋ ನನ್ನ ತಲೆಯನ್ನು ನಂಬುವುದೋ ಗೊತ್ತಿಲ್ಲ. ವರ್ಷವೂ ಅಷ್ಟೆ, ತೊಂಬತ್ತೊಂದೋ ತೊಂಬತ್ತಮೂರೋ. ಆಗ ಇದೆಲ್ಲ ಕೋಲಾರ ಜಿಲ್ಲೆ. ಇಷ್ಟು ಖಚಿತ: ಆ ವರ್ಷ ದೀಪಾವಳಿಯ ಹೊತ್ತಿಗೆ ಸುರಿದ ಮಳೆಗೆ ಎಷ್ಟೋ ವರ್ಷಗಳ ಮೇಲೆ ಕೆರೆಗಳು ಕೋಡಿ ಬಿದ್ದವು. ಅಂಬಾಜಿದುರ್ಗದ ಕಡೆಯಿಂದ ಬಂದವರು, ಬೆಟ್ಟದ ಬಂಡೆಗಳ ಮೇಲಿಂದ ನೀರು ಬಿಳಿ ಪಂಚೆ ಒಣಹಾಕಿದಂತೆ ಇಳಿಯುತ್ತಿದೆ ಎಂದು ಹೇಳುತ್ತಿದ್ದರು. ನಾನು ನೋಡಿಲ್ಲ. ಆದರೂ ನೋಡಿದಂತೆಯೇ ನೆನಪಿದೆ.

ಮಳೆ ನಿಂತ ಎರಡನೆಯ ದಿನ ಒಬ್ಬ ಹೆಂಗಸು ಕಚೇರಿಗೆ ಬಂದರು. ಐವತ್ತೈದರ ಮೇಲಿನ ವಯಸ್ಸು, ಮೊಣಕಾಲಿನವರೆಗೆ ಕೆಸರು. ಸಾದಲಿಯ ಆಚೆ ಒಂದು ಕೆರೆಯ ಹಿಂದುಗಡೆ ಒಂಬತ್ತು ಮನೆಗಳ ಹಳ್ಳಿ, ಅಲ್ಲಿಯವರು. ಅವರ ಜೊತೆ ಬಂದವರೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಸೆರಗಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಒಂದು ಹಿಡಿ ರೇಷ್ಮೆಗೂಡು ಸುರಿದರು. ಒಂದನ್ನು ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಏನೋ ಸಣ್ಣಗೆ ಲೊಟಲೊಟ ಎಂದಿತು.

"ಕೇಳ್ತಾ ಐತಾ? ಹುಳ ಒಳಗೆ ಗಟ್ಟಿಯಾಗೈತೆ. ಗೂಡು ಕಟ್ಟಕ್ಕೆ ಹುಳಾನ ಚಂದ್ರಿಕೆ ತಟ್ಟೆಗೆ ಬಿಟ್ಟು ಇವತ್ತಿಗೆ ಆರು ದಿನ. ಹತ್ತು ದಾಟಿದ್ರೆ ಚಿಟ್ಟೆ ಕೊರ್ಕೊಂಡು ಈಚಿಗೆ ಬತ್ತದೆ. ಕೊರೆದ ಗೂಡು ಯಾವೋನಿಗೆ ಬೇಕು ನಾಯನಾ? ನೂಲೇ ಬರಲ್ಲ. ನಿಮ್ತಾವ ದೋಣಿ ಐತಂತೆ, ನಿಜಾನಾ?"

ಕೆರೆ ಹಿಂದಕ್ಕೆ ಏರಿ ಅವರ ಹಳ್ಳಿಯ ರಸ್ತೆಯನ್ನು ನುಂಗಿತ್ತು. ನಡುವೆ ಆಳು ಮುಳುಗುವಷ್ಟು ನೀರು. ಏರಿಯ ಕಡೆಯಿಂದ ಬರೋಣವೆಂದರೆ ಕೋಡಿಯ ಹರಿವಿನಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಟ್ರ್ಯಾಕ್ಟರ್ ಟ್ಯೂಬುಗಳನ್ನು ಕಟ್ಟಿಕೊಂಡು ಜನ ದಾಟುತ್ತಿದ್ದರು, ದೊಡ್ಡಮ್ಮ ಬಂದದ್ದೂ ಹಾಗೆಯೇ. ಆದರೆ ಒಂಬತ್ತು ಮನೆಗಳ ಗೂಡು, ಇಪ್ಪತ್ತೆರಡು ಚೀಲ, ಟ್ಯೂಬಿನ ಮೇಲೆ ಬರುವಂಥದ್ದಲ್ಲ. ನೆನೆದರೆ ಅದೂ ಹಾಳು. ನಾಲ್ಕು ದಿನದೊಳಗೆ ಅವು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಜಾಲರಿಗಳಲ್ಲಿ ಇರಬೇಕು.

ನಮ್ಮ ಮೇಲಧಿಕಾರಿ ಕಾಗದಕ್ಕೆ ಸಹಿ ಹಾಕುವಾಗ, "ನೀನೇ ತಾನೆ ಇಲ್ಲಿ ಮೆಕ್ಯಾನಿಕಲ್ ಓದಿರೋನು? ಒಂದು ಕಡೆ ಕೂತ್ಕೊಳಕ್ಕೆ ಆಗಲ್ಲ ಅಂತಿದ್ಯಲ್ಲ, ಹೋಗು. ಮುಳುಗಿದ್ರೆ ನಿನ್ ಹೆಸರಲ್ಲೇ ಮುಳುಗುತ್ತೆ" ಎಂದರು.

ಸೈಕಲ್ಲು ಬಲೆಗಳನ್ನು ಇಳಿಸಿ ದೋಣಿಯನ್ನು ಟೆಂಪೋಗೆ ಏರಿಸಿದೆವು. ಎಂಜಿನ್ನು ಎಂಟು ಅಶ್ವಶಕ್ತಿಯ ಔಟ್‌ಬೋರ್ಡ್, ಎರಡು ಸಿಲಿಂಡರು, ಹಗ್ಗ ಎಳೆದು ಚಾಲೂ ಮಾಡುವಂಥದ್ದು. ದೋಣಿಯ ಹಿಂದಿನ ಹಲಗೆಗೆ ನೇತುಹಾಕಿ ಎರಡು ತಿರುಪುಗಳಲ್ಲಿ ಬಿಗಿಯಬೇಕು. ಅದರ ಜೊತೆ ಒಂದು ಮರದ ಪೆಟ್ಟಿಗೆಯಿತ್ತು. ಅದರೊಳಗೆ ಹಸಿರು ಹಿಡಿದ ಕಂಚಿನ ಇನ್ನೊಂದು ಪ್ರೊಪೆಲ್ಲರು.

ಗೂಡಿನ ಲೆಕ್ಕದ ಏಳನೆಯ ದಿನ ಶಿಡ್ಲಘಟ್ಟದಲ್ಲಿ ಕಳೆಯಿತು. ಅಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲೇತ್ ಇಟ್ಟುಕೊಂಡಿದ್ದವರೊಬ್ಬರಿದ್ದರು, ಊರಿಗೆಲ್ಲ 'ಲೇತ್ ಭಾಯ್'. ನೂಲು ಬಿಚ್ಚುವ ರಾಟೆಗಳ ಕಬ್ಬಿಣದ ಭಾಗಗಳು, ಬಾವಿಯ ಪಂಪು, ಕೊಳವೆಬಾವಿಯ ಮೋಟರು, ಇವುಗಳಲ್ಲಿ ಅವರಿಗೆ ತಿಳಿಯದ್ದು ಇರಲಿಲ್ಲ. ದೋಣಿಯನ್ನು ಮಾತ್ರ ಹುಟ್ಟಿದಾರಭ್ಯ ನೋಡಿರಲಿಲ್ಲ. ಎಂಜಿನ್ನನ್ನು ಸುತ್ತಿ ಸುತ್ತಿ ನೋಡಿದರು.

"ಇದು ಪಂಪೇ ಸಾರ್. ಕೇಸಿಂಗ್ ಒಂದು ಇಲ್ಲ, ಅಷ್ಟೆ. ಒಳಗೆ ತಿರುಗೋ ಇಂಪೆಲ್ಲರ್ ಬಟ್ಟೆ ಇಲ್ದೆ ನಿಂತಿದೆ."

"ಪಂಪಲ್ಲ ಭಾಯ್. ಇದು ಸ್ಕ್ರೂ ಥರ. ನೀರಿನಲ್ಲಿ ಕೊರ್ಕೊಂಡು ಮುಂದೆ ಹೋಗುತ್ತೆ."

"ನೀವು ಓದಿದೋರು. ಆದ್ರೂ ಪಂಪೇ."

ಕಾರ್ಬುರೇಟರು ಬಿಚ್ಚಿ ತೊಳೆದರು. ಪ್ಲಗ್ಗು ಬದಲಾಯಿಸಿದರು. ನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ನನ್ನು ನಿಲ್ಲಿಸಿ ಹಗ್ಗ ಎಳೆದಾಗ ಹನ್ನೆರಡನೆಯದೋ ಹದಿಮೂರನೆಯದೋ ಎಳೆತಕ್ಕೆ ಅದು ಕೆಮ್ಮಿ ಎದ್ದಿತು. ಓಣಿಯ ತುಂಬ ಹೊಗೆ. ಎದುರು ಮನೆಯ ಮಹಡಿಯಿಂದ ಯಾರೋ ಉರ್ದುವಿನಲ್ಲಿ ಬೈದರು, ಭಾಯ್ ಅಷ್ಟೇ ಜೋರಾಗಿ ತಿರುಗಿ ಬೈದರು. ಇಬ್ಬರೂ ನಗುತ್ತಿದ್ದರು.

ಇನ್ನು ಪ್ರೊಪೆಲ್ಲರಿನ ಆಯ್ಕೆ. ಎಂಜಿನ್ನಿನಲ್ಲಿದ್ದದ್ದು ಅಲ್ಯೂಮಿನಿಯಮ್ಮಿನದು, ಮೂರು ರೆಕ್ಕೆ. ಪೆಟ್ಟಿಗೆಯಲ್ಲಿದ್ದ ಕಂಚಿನದೂ ಮೂರು ರೆಕ್ಕೆಯದೇ, ಆದರೆ ರೆಕ್ಕೆಗಳು ಅಗಲ. ಮುಖ್ಯವಾದದ್ದು ಅದರ ಪಿಚ್ಚು. ಒಂದು ಸುತ್ತು ತಿರುಗಿದಾಗ ಅದು ಗಟ್ಟಿ ವಸ್ತುವಿನಲ್ಲಿ ಎಷ್ಟು ಮುಂದೆ ಹೋಗುತ್ತಿತ್ತು ಎಂಬ ಲೆಕ್ಕ. ಪಿಚ್ಚು ಹೆಚ್ಚಿದ್ದರೆ ಹಗುರ ದೋಣಿಗೆ ವೇಗ. ಭಾರದ ದೋಣಿಗೆ ಅದನ್ನೇ ಹಾಕಿದರೆ ಟಾಪ್ ಗೇರಿನಲ್ಲಿ ನಂದಿಬೆಟ್ಟ ಹತ್ತಿಸಿದಂತೆ, ಎಂಜಿನ್ನು ಏದುಸಿರು ಬಿಡುತ್ತದೆ. ಎರಡರ ಮೇಲೂ ಒತ್ತಿದ್ದ ಸಂಖ್ಯೆಗಳು ಸವೆದು ಹೋಗಿದ್ದವು.

ಅಳೆಯುವ ಕ್ರಮ ನನಗೆ ಗೊತ್ತಿತ್ತು, ಅಳೆಯುವ ಕೈ ಅವರದು. ಪ್ರೊಪೆಲ್ಲರನ್ನು ಲೇತಿನ ತಿರುಗುವ ಮುಖತಟ್ಟೆಗೆ ಬಿಗಿದು, ನಡುವಿನಿಂದ ಮೂರು ಇಂಚು ದೂರದಲ್ಲಿ ರೆಕ್ಕೆಯ ಮೇಲೆ ಗೀರುಮೊಳೆಯಿಂದ ಕೂದಲೆಳೆಯಂಥ ಗೆರೆ ಎಳೆದರು. ಅವರು ಪೆನ್ಸಿಲ್ ಮುಟ್ಟುತ್ತಿರಲಿಲ್ಲ. "ಪೆನ್ಸಿಲ್ ಗೆರೆ ದಪ್ಪ ಸಾರ್, ಅದ್ರೊಳಗೇ ಕಾಲು ಎಂ.ಎಂ. ಕಳ್ದೋಗುತ್ತೆ" ಎನ್ನುತ್ತಿದ್ದರು. ಸುತ್ತಿನ ಹನ್ನೆರಡನೆಯ ಒಂದು ಪಾಲು ತಿರುಗಿಸಿ, ಆ ಗೆರೆಯ ಮೇಲೆ ರೆಕ್ಕೆ ಎಷ್ಟು ಸರಿಯಿತೆಂದು ಅಳೆದರು. ಅಲ್ಯೂಮಿನಿಯಮ್ಮಿನದು ಹತ್ತೊಂಬತ್ತು ಮಿಲಿಮೀಟರು. ಕಂಚಿನದು ಹದಿನೈದಕ್ಕೆ ಕೊಂಚ ಕಡಿಮೆ. ಹನ್ನೆರಡರಿಂದ ಗುಣಿಸಿದರೆ ಒಂದು ಒಂಬತ್ತು ಇಂಚಿನ ಪಿಚ್ಚು, ಇನ್ನೊಂದು ಏಳರದು.

"ಮೊದಲು ಒಂಬತ್ತರದ್ದನ್ನೇ ನೋಡಣ" ಎಂದೆ. "ಲೋಡ್ ಜಾಸ್ತಿ ಆದ್ರೆ ಕಂಚಿನದು."

"ಲೋಡ್ ಜಾಸ್ತಿ ಆದ್ರೆ ಅಂಚು ಟ್ರಿಮ್ ಮಾಡ್ಬಿಡ್ಲಾ? ಮೋಟರು ಬಿಸಿ ಆಗ್ತಿದ್ರೆ ಇಂಪೆಲ್ಲರ್ ಸುತ್ತ ಎರಡು ಎಂ.ಎಂ. ತೆಗೀತೀವಲ್ಲ, ಹಂಗೆ."

"ಬೇಡ! ಮುಟ್ಟಬೇಡಿ!"

ಅವರು ಕೈಯೆತ್ತಿ ಶರಣು ಎನ್ನುವಂತೆ ನಿಂತರು. ಈಗ ಯೋಚಿಸಿದರೆ ಅವರ ಮಾತು ಅಷ್ಟೇನೂ ತಪ್ಪಾಗಿರಲಿಲ್ಲ. ಅಂಚು ಕತ್ತರಿಸಿದ್ದರೆ ಎಂಜಿನ್ನಿಗೆ ಉಸಿರು ಸಿಗುತ್ತಿತ್ತು, ತಳ್ಳುವ ಬಲ ಮಾತ್ರ ಹೋಗುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ದೋಣಿ ನೀರಿಗಿಳಿಯಿತು. ಈಚೆ ದಡದಲ್ಲಿ ನೂರಾರು ಜನ. ಭಾಯ್ ದಡದಲ್ಲೇ ಉಳಿದರು. "ನಂಗೆ ಈಜು ಬರಲ್ಲ ಸಾರ್. ಬಾವಿಗೆ ಇಳೀತೀನಿ, ಸೊಂಟಕ್ಕೆ ಹಗ್ಗ ಇದ್ರೆ. ಇಲ್ಲಿ ಹಗ್ಗ ಎಲ್ಲಿಗೆ ಕಟ್ತೀರಾ?"

ಕೋಡಿಯ ಹತ್ತಿರ ಕಟ್ಟೆ ಬಿಗಿಮಾಡಲು ತುಂಬಿಟ್ಟಿದ್ದ ಮರಳಿನ ಚೀಲಗಳಲ್ಲಿ ಹತ್ತನ್ನು ಕೇಳಿ ಪಡೆದು ದೋಣಿಯ ನಡುವೆ ಸಾಲಾಗಿ ಹರಡಿದೆ. ನಾಲ್ಕುನೂರು ಕಿಲೋ ಇದ್ದೀತು. ಪೂರ್ತಿ ಭಾರದಲ್ಲಿ ಪರೀಕ್ಷೆ ಮಾಡಬೇಕು ಎಂಬುದು ಪಾಠ. ಕಾಲೇಜಿನ ಪ್ರಯೋಗಾಲಯದಿಂದ ಒಂದು ಕೈ ಟ್ಯಾಕೋಮೀಟರು ಎರವಲು ತಂದಿದ್ದೆ. ಅದರ ರಬ್ಬರು ಮೂತಿಯನ್ನು ಎಂಜಿನ್ನಿನ ತಲೆಯ ಮೇಲೆ ತಿರುಗುವ ಚಕ್ರದ ನಡುವೆ ಒತ್ತಿ ಹಿಡಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಮುಳ್ಳು ತೋರಿಸುತ್ತದೆ.

ಒಂಬತ್ತರ ಪ್ರೊಪೆಲ್ಲರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೂ ಮೂರು ಸಾವಿರದ ಮುನ್ನೂರು ದಾಟಲಿಲ್ಲ. ಎಂಜಿನ್ನು ಗೊರಗೊರ ಎನ್ನುತ್ತ ಕಪ್ಪು ಹೊಗೆ ಬಿಟ್ಟಿತು. ಏರಿಯ ಮೇಲೆ ನಡೆಯುತ್ತಿದ್ದ ಒಬ್ಬ ಮುದುಕ ನನ್ನನ್ನು ಹಿಂದೆ ಹಾಕಿದ. ದಡಕ್ಕೆ ಬಂದು ಕಂಚಿನದನ್ನು ಹಾಕಿಕೊಂಡು ಹೋದೆ. ನಾಲ್ಕು ಸಾವಿರದ ಆರುನೂರು. ಹೊಗೆ ತಿಳಿಯಾಯಿತು. ಪ್ರೊಪೆಲ್ಲರಿನ ಪ್ರಶ್ನೆ ಅಲ್ಲಿಗೆ ಮುಗಿಯಿತು, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ.

ಎತ್ತರದ ಪ್ರಶ್ನೆ ಆಮೇಲೆ ಎದ್ದಿತು. ಬರದ ವರ್ಷಗಳಲ್ಲಿ ಕೆರೆಯಂಗಳದ ತುಂಬ ಜಾಲಿ ನೆಟ್ಟಿದ್ದರು. ಅವುಗಳಲ್ಲಿ ಅರ್ಧ ಕಡಿದ ಮೋಟು, ಅರ್ಧ ನೀರಿನ ಮೇಲೆ ಮುಳ್ಳಿನ ನೆತ್ತಿ. ಆಚೆಯ ಹಳ್ಳಿಗೆ ನೇರವಾಗಿ ಹೋಗಬೇಕೆಂದರೆ ಈ ಮೋಟುಗಳ ಮೇಲೆ ಹಾಯಬೇಕು. ಮೊದಲ ಓಟದಲ್ಲೇ ಟಣ್ ಎಂದಿತು. ಪ್ರೊಪೆಲ್ಲರು ನಿಂತು ಎಂಜಿನ್ನು ಬರಿದೆ ಓಡಿತು. ಗಟ್ಟಿ ವಸ್ತುವಿಗೆ ಬಡಿದಾಗ ಗೇರು ಮುರಿಯದಿರಲೆಂದು ಪ್ರೊಪೆಲ್ಲರಿನ ನಡುವೆ ಒಂದು ಹಿತ್ತಾಳೆಯ ಪಿನ್ನು ಇರುತ್ತದೆ, ತಾನು ಮುರಿದು ಉಳಿದದ್ದನ್ನು ಉಳಿಸುತ್ತದೆ. ಅದು ಎರಡು ಸಲ ಮುರಿಯಿತು. ಭಾಯ್ ಹಿತ್ತಾಳೆ ಸರಳನ್ನು ಕಡಿದು ಒಂದು ಡಜನ್ ಪಿನ್ನು ಮಾಡಿ ತಂದಿದ್ದರು, ಎರಡು ಖರ್ಚಾದವು.

ಪ್ರೊಪೆಲ್ಲರಿನ ಮೇಲೆ ಸಣ್ಣ ಛತ್ರಿಯಂತೆ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಮೇಲಿನ ಗಾಳಿ ಪ್ರೊಪೆಲ್ಲರಿಗೆ ಸಿಗದಂತೆ ತಡೆಯುವುದು ಅದರ ಕೆಲಸ. ಎಂಜಿನ್ನಿನ ಎತ್ತರವನ್ನು ಆ ತಟ್ಟೆಯಿಂದಲೇ ಅಳೆಯುತ್ತಾರೆ. ದೋಣಿಯ ತಳಕ್ಕೆ ಒಂದು ನೇರ ಪಟ್ಟಿ ಒತ್ತಿ ಹಿಡಿದು ಹಿಂದಕ್ಕೆ ಚಾಚಿ ನೋಡಿದೆ. ತಟ್ಟೆ ತಳಕ್ಕಿಂತ ಮೂರು ಇಂಚು ಕೆಳಗಿತ್ತು. ಅಷ್ಟು ಬೇಡ. ಎತ್ತರಿಸಿದರೆ ಎಳೆತ ಕಡಿಮೆ, ಮೋಟುಗಳೂ ತಪ್ಪುತ್ತವೆ. ಊರಿನ ಬಡಗಿಯೊಬ್ಬರಿಂದ ಜಾಲಿಯದೇ ಒಂದು ಮೂರು ಇಂಚಿನ ದಿಮ್ಮಿ ಕೊಯ್ಯಿಸಿ, ಹಿಂದಿನ ಹಲಗೆಯ ತಲೆಯ ಮೇಲೆ ಬೋಲ್ಟು ಹಾಕಿ ಕೂರಿಸಿ, ಅದರ ಮೇಲೆ ಎಂಜಿನ್ನು ನೇತುಹಾಕಿದೆ. ತಟ್ಟೆ ತಳಕ್ಕೆ ಸರಿಸಮ ಬಂತು.

ಮರಳು ಚೀಲಗಳೊಂದಿಗೆ ಜಾಲಿಯ ನಡುವೆಯೇ ಹೋದೆ. ಒಂದು ಮೋಟೂ ತಾಗಲಿಲ್ಲ. ವೇಗವೂ ಹೆಚ್ಚಿತ್ತು. ದಡಕ್ಕೆ ಬಂದು ನೋಟ್‌ಬುಕ್ಕಿನಲ್ಲಿ 'ಏಳರ ಪಿಚ್ಚು, ತಟ್ಟೆ ತಳಕ್ಕೆ ಸಮ, ಸರಿಯಾಗಿದೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ಎರಡು ಗೆರೆಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂಬತ್ತನೆಯ ದಿನ ಬೆಳಿಗ್ಗೆ ಖಾಲಿ ದೋಣಿಯಲ್ಲಿ ಹಳ್ಳಿಗೆ ಹೋದೆವು. ಭಾಯ್ ಕೂಡ ಬಂದರು. ದೋಣಿಯ ನಡುವೆ ಎರಡೂ ಕೈಗಳಿಂದ ಅಂಚು ಹಿಡಿದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕೂತಿದ್ದರು. ಆಚೆ ದಡದಲ್ಲಿ ಬಟ್ಟೆಯ ಚೀಲಗಳು ಸಾಲಾಗಿ ನಿಂತಿದ್ದವು. ಗೂಡುಗಳನ್ನು ಅದುಮಬಾರದು, ಸಡಿಲವಾಗಿ ತುಂಬಿದ್ದರು. ಆಳೆತ್ತರ, ಆದರೆ ಒಂದೊಂದೂ ಇಪ್ಪತ್ತೈದು ಕಿಲೋ ಇದ್ದರೆ ಹೆಚ್ಚು.

ನಾನು ನಡುವೆ ಇಡಿ ಎಂದೆ. ದೊಡ್ಡಮ್ಮ ಕೇಳಲಿಲ್ಲ. ಒಂದೊಂದೇ ಚೀಲವನ್ನು ದೋಣಿಯ ಮೂತಿಯ ಕಡೆಗೇ ಹೊರಿಸಿ, ಒಂದರ ಮೇಲೊಂದು ಕೂರಿಸಿದರು.

"ಅಲ್ಲಿ ಬೇಡ ದೊಡ್ಡಮ್ಮ, ನಡುವೆ ಹಾಕಿಸಿ."

"ನಡುವೆ ಬೇಡ. ನಿನ್ ಮಿಷನ್ನು ಪೆಟ್ರೋಲ್ ವಾಸನೆ ಹೊಡೀತೈತೆ."

"ಗೂಡಿಗೆ ವಾಸನೆಯಿಂದ ಏನಾಗುತ್ತೆ?"

"ಗೂಡಿಗೆ ಏನೂ ಆಗಲ್ಲಪ್ಪ. ಚೀಲ ತಿರುಗ ಮನೆಗೆ ಬತ್ತದಲ್ಲ? ಹುಳದ ಮನೆಯಾಗೆ ಮರಿ ಹುಳ ಐತೆ, ಮಳೆಗೆ ಮುಂಚೆ ತಂದಿದ್ದು. ಬೀಡಿ ಸೇದಿದೋನನ್ನೇ ನಾವು ಬಾಗಿಲು ದಾಟಕ್ಕೆ ಬಿಡಲ್ಲ."

ನಾನು ಅದನ್ನು ನಂಬಲಿಲ್ಲ. ಹುಳುಗಳಿಗೆ ವಾಸನೆಯಿಂದ ತೊಂದರೆಯಾಗುವುದು ನಿಜವಿರಬಹುದು. ಆದರೆ ಗಾಳಿಗೆ ಒಡ್ಡಿದ ಚೀಲದಲ್ಲಿ ಉಳಿಯುವ ವಾಸನೆ ಎಷ್ಟು, ಯಾರು ಅಳೆದಿದ್ದಾರೆ ಎಂದು ವಾದಿಸಿದೆ. ಅವರು ಚೀಲ ಕಟ್ಟುತ್ತಲೇ, "ನಿಮ್ ಪುಸ್ತಕದಾಗಿರೋ ಹುಳ ಗಟ್ಟಿ ಇರಬೋದು. ನಮ್ಮವು ಮೆತ್ಗೆ" ಎಂದರು. ಸುತ್ತ ನಿಂತವರು ನಕ್ಕರು. ಮೊದಲ ಸಲಕ್ಕೆಂದು ತಂದ ಆರು ಚೀಲವೂ ಮುಂದೆಯೇ ಹೋಯಿತು. ಅವುಗಳ ನಡುವೆ ದೊಡ್ಡಮ್ಮ ಕೂತರು. ಭಾಯ್ ದಡದಲ್ಲಿ ಉಳಿದರು. ಹಿಂದೆ ನಾನೊಬ್ಬನೇ.

ನೂರು ಗಜ ಹೋಗಿರಬಹುದು. ಮೂಡಣ ಗಾಳಿ ಬೀಸುತ್ತಿತ್ತು. ಅಲೆಯೊಂದು ದೋಣಿಯ ಹಿಂಬದಿಯನ್ನು ಎತ್ತಿತು. ಎಂಜಿನ್ನು ಒಮ್ಮೆಲೇ ಕಿರುಚಿತು. ದೋಣಿ ಮಾತ್ರ ನಿಂತಿತು. ಥ್ರಾಟಲ್ ಇಳಿಸಿದೆ, ಪ್ರೊಪೆಲ್ಲರು ನೀರು ಹಿಡಿಯಿತು, ಏರಿಸಿದೆ, ಮತ್ತೆ ಕಿರುಚಿತು. ಮರಳಿನ ನಾಲ್ಕುನೂರು ಕಿಲೋ ದೋಣಿಯನ್ನು ಇಡಿಯಾಗಿ ನೀರಿನೊಳಗೆ ಕೂರಿಸಿತ್ತು. ಈಗ ಇದ್ದದ್ದು ನೂರೈವತ್ತು ಕಿಲೋ ಗೂಡು, ಅದೂ ಮೂತಿಯಲ್ಲಿ. ದೋಣಿ ಮುಂದಕ್ಕೆ ಬಗ್ಗಿ ಹಿಂಬದಿ ಎದ್ದಿತ್ತು. ಛತ್ರಿಯಂಥ ತಟ್ಟೆ ನೀರಿನ ಮೇಲೆಯೇ ಬಂದು ಪ್ರೊಪೆಲ್ಲರು ಗಾಳಿ ಕುಡಿಯುತ್ತಿತ್ತು. ಆಳೆತ್ತರದ ಆರು ಚೀಲಗಳು ಹಾಯಿಯ ಹಾಗೆ ಗಾಳಿಯನ್ನು ಹಿಡಿದು ದೋಣಿಯನ್ನು ಜಾಲಿಯ ಕಡೆಗೆ ದೂಡಿದವು. ನಾನು ಹಾಕಿದ ಲೆಕ್ಕದಲ್ಲಿ ತೂಕವಿತ್ತು, ಗೂಡಿರಲಿಲ್ಲ.

ಮುಳ್ಳಿನ ಕೊಂಬೆಯೊಂದು ಮೇಲಿನ ಚೀಲಕ್ಕೆ ಸಿಕ್ಕಿತು. ಬಟ್ಟೆ ಹರಿಯುವ ಸದ್ದು ನನಗೆ ಎಂಜಿನ್ನಿನ ಕಿರುಚಾಟದ ನಡುವೆಯೂ ಕೇಳಿಸಿತು, ಅಥವಾ ಕೇಳಿಸಿತೆಂದು ಆಮೇಲೆ ಸೇರಿಸಿಕೊಂಡೆನೋ. ದೊಡ್ಡಮ್ಮ ಎದ್ದು ನಿಂತು ಆ ಚೀಲವನ್ನು ತಬ್ಬಿಕೊಂಡರು. ಹರಿದ ಬಾಯಿಗೆ ತಮ್ಮ ಸೆರಗನ್ನು ತುರುಕಿದರು. ನಾಲ್ಕೈದು ಗೂಡು ನೀರಿಗೆ ಬಿದ್ದು, ಬಿಳಿಯಾಗಿ ತೇಲುತ್ತ ಹೋದವು. ಅವರು ಅವು ತೇಲಿಹೋಗುವುದನ್ನು ನೋಡುತ್ತಿದ್ದರು. ನಾನು ಎಂಜಿನ್ನು ನಿಲ್ಲಿಸಿ ಹುಟ್ಟು ಹಾಕುತ್ತ ಹೇಗೋ ಹಿಂದಕ್ಕೆ ತಂದೆ.

ದಡದಲ್ಲಿ ನನಗೆ ಸಿಟ್ಟು. "ಚೀಲ ಹಿಂದಕ್ಕೆ ಹಾಕಿದ್ರೆ ಎಲ್ಲ ಸರಿಹೋಗುತ್ತೆ" ಎಂದು ಕೂಗಿದೆ. ತಪ್ಪಲ್ಲ, ಅದೂ ಒಂದು ಪರಿಹಾರವೇ. ಒಂಬತ್ತು ಮನೆಯವರು ದೊಡ್ಡಮ್ಮನ ಮುಖ ನೋಡಿದರು. ನಾಳೆ ಹತ್ತನೆಯ ದಿನ. ಅವರು ಹರಿದ ಚೀಲದಿಂದ ಸೆರಗು ಬಿಡಿಸಿಕೊಳ್ಳುತ್ತ, "ಈ ಗೂಡು ಉಳಿಸ್ಕೊಳ್ಳಕ್ಕೆ ಆ ಮರಿ ಕೊಡಬೇಕಾ? ನೀನೇ ಹೇಳಪ್ಪ, ಹಂಗೇ ಮಾಡ್ತೀನಿ" ಎಂದರು.

ನಾನು ದಡದ ಕೆಸರಿನ ಮೇಲೆ ಕೂತೆ.

ಭಾಯ್ ನೀರಿನಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಎಂಜಿನ್ನನ್ನೇ ನೋಡುತ್ತಿದ್ದರು. "ಪಂಪು ಗಾಳಿ ಎಳೀತಿದೆ ಸಾರ್" ಎಂದರು.

"ಪಂಪಲ್ಲ ಅಂದ್ನಲ್ಲ."

"ಆಯ್ತು, ಪಂಪಲ್ಲ. ಆದ್ರೂ ಗಾಳಿ ಎಳೀತಿದೆ. ಬಾವೀಲಿ ನೀರು ಕೆಳಗೆ ಹೋದಾಗ ಪೈಪ್ ತುದೀಲಿರೋ ಫುಟ್‌ವಾಲ್ವ್ ನೀರಿನ ಮೇಲೆ ಬಂದು ಹಿಂಗೇ ಕಿರುಚುತ್ತೆ. ಬಾವಿಗೆ ನೀರು ತಂದು ತುಂಬ್ತೀವಾ? ಪೈಪ್ ಇಳಿಸ್ತೀವಿ."

ನನಗೆ ನೆನಪಿರುವುದು ಹೀಗೆ. ಅವರ ಮಾತು ಮುಗಿಯುವಷ್ಟರಲ್ಲಿ ನಾನು ಎದ್ದು ನಿಂತೆ. ಇಳಿಸಿದರೆ ಮೋಟು ತಾಗುತ್ತದೆ, ನಿಜ. ಆದರೆ ಮೋಟುಗಳಿಲ್ಲದ ದಾರಿಯೊಂದು ಆ ಕೆರೆಯೊಳಗೇ ಇತ್ತು, ಮುಳುಗಿದ ರಸ್ತೆ. ರಸ್ತೆಯ ಮೇಲೆ ಯಾರೂ ಜಾಲಿ ನೆಡುವುದಿಲ್ಲ. ಅದರ ಪಕ್ಕದ ಹುಣಸೆಮರಗಳ ತಲೆಗಳು ನೀರಿನ ಮೇಲೆ ಸಾಲಾಗಿ ಕಾಣುತ್ತಿದ್ದವು. ಸುತ್ತುದಾರಿ, ಒಂದೂವರೆ ಪಟ್ಟು ದೂರ. ಇರಲಿ. "ಎರಡು ಇಂಚು ಇಳಿಸಣ" ಎಂದೆ. ಒಂದು ಮನೆಯಿಂದ ಗರಗಸ ತರಿಸಿದೆ. ಎಂಜಿನ್ನು ಬಿಚ್ಚಿ, ದಿಮ್ಮಿ ತೆಗೆದು, ಎರಡು ಇಂಚು ಕೊಯ್ದು, ಉಳಿದ ಒಂದು ಇಂಚನ್ನು ಮತ್ತೆ ಕೂರಿಸಿದೆವು. ಆ ಮಧ್ಯಾಹ್ನವನ್ನು ಆಮೇಲೆ ನಾನು ಎಷ್ಟೋ ಜನರಿಗೆ ಹೀಗೆಯೇ ಹೇಳಿದ್ದೇನೆ. ಒಂದೇ ನಿರ್ಧಾರ, ಒಂದೇ ಕೊಯ್ತ.

ಇನ್ನೊಂದು ಸಂಗತಿಯಲ್ಲಿ ಮಾತ್ರ ಯಾರ ನೆನಪೂ ಬೇರೆಯಾಗಲಾರದು. ಹಿಂಬದಿಗೆ ತೂಕ ಬೇಕಿತ್ತು. ಭಾಯ್ ತಮ್ಮ ಸಲಕರಣೆಯ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತರು. ಸೊಂಟಕ್ಕೆ ಒಂದು ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ದೋಣಿಯ ಕೊಂಡಿಗೆ ಬಿಗಿದರು.

"ದೋಣಿ ಮುಳುಗಿದ್ರೆ ಈ ಹಗ್ಗ ನಿಮ್ಮನ್ನೂ ಒಳಗೆ ಎಳೀತದೆ ಭಾಯ್."

"ಗೊತ್ತು ಸಾರ್. ಆದ್ರೂ ಹಗ್ಗ ಇದ್ರೆ ಧೈರ್ಯ."

ಮುಂದೆ ಕೂತ ದೊಡ್ಡಮ್ಮ ಅಂದು ಮೊದಲ ಸಲ ನಕ್ಕರು.

ಹುಣಸೆಮರಗಳ ಸಾಲನ್ನು ಎಡಕ್ಕಿಟ್ಟುಕೊಂಡು, ಅರ್ಧ ಥ್ರಾಟಲ್ಲಿನಲ್ಲಿ ಹೋದೆವು. ಗಾಳಿ ದೂಡುತ್ತಿತ್ತು, ಅಲೆ ಎತ್ತುತ್ತಿತ್ತು. ಪ್ರೊಪೆಲ್ಲರು ಮಾತ್ರ ನೀರನ್ನು ಬಿಡಲಿಲ್ಲ. ಆ ಕಂಚಿನ ಅಗಲ ರೆಕ್ಕೆಗಳ ದನಿ ಬೇರೆಯೇ ಇತ್ತು. ದೂರದ ಹೊಲದಲ್ಲಿ ಪಂಪು ಓಡುವ ದನಿಯ ಹಾಗೆ, ಒಂದೇ ಸಮ. ರಸ್ತೆಯ ಮೈಲಿಗಲ್ಲಿನ ಹಳದಿ ತಲೆ ನಮ್ಮ ಪಕ್ಕದಲ್ಲೇ ನೀರಿನ ಅಡಿಯಲ್ಲಿ ಹಾದುಹೋಯಿತು. ನಾಲ್ಕು ಸಲ ಹೋಗಿ ಬಂದೆವು. ಇಪ್ಪತ್ತೆರಡು ಚೀಲ. ಭಾಯ್ ನಾಲ್ಕು ಸಲವೂ ಬಂದರು. ಮೂರನೆಯ ಸಲ ಕಣ್ಣು ತೆರೆದುಕೊಂಡು ಕೂತಿದ್ದರು.

ಹತ್ತನೆಯ ದಿನ ಬೆಳಿಗ್ಗೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನಾನೂ ಇದ್ದೆ. ಜಾಲರಿಗಳಲ್ಲಿ ಗೂಡು ಸುರಿದಾಗ ಆಗುವ ಆ ಒಣ ಸದ್ದು, ತಗಡಿನ ಮೇಲೆ ಹಗುರ ಮಳೆ ಬಿದ್ದಂತೆ. ನೂಲು ತೆಗೆಸುವವರು ಬಂದು ಬೊಗಸೆಯಲ್ಲಿ ಎತ್ತಿ, ಅಲ್ಲಾಡಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು. ದೊಡ್ಡಮ್ಮ ತಮ್ಮ ಜಾಲರಿಯ ಪಕ್ಕದಲ್ಲಿ ನಿಂತು, ಒಂದೊಂದೇ ಗೂಡನ್ನು ತಿರುವಿ ತೂತಿದೆಯೇ ಎಂದು ಹುಡುಕುತ್ತಿದ್ದರು. ಒಂದೂ ಇರಲಿಲ್ಲ. ಖಾಲಿ ಚೀಲಗಳನ್ನು ಮಡಿಸಿ ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ಆಮೇಲೆ ನನ್ನ ಮೂಗಿನ ಹತ್ತಿರವೂ ಹಿಡಿದರು. ಗೂಡಿನ ಹಸಿ ವಾಸನೆಯಷ್ಟೇ.

"ಮರಿಗಳಿಗೆ ಏನೂ ಆಗಲ್ಲ ಬಿಡು" ಎಂದರು, ನನಗೆ ಸಮಾಧಾನ ಹೇಳುವಂತೆ.

ಚೀಲಗಳು ನಡುವೆಯೇ ಬಂದಿದ್ದರೆ ಆ ಮರಿಗಳಿಗೆ ಏನಾದರೂ ಆಗುತ್ತಿತ್ತೇ? ಗೊತ್ತಿಲ್ಲ. ಆ ಪ್ರಯೋಗವನ್ನು ಯಾರೂ ಮಾಡಲಿಲ್ಲ. ಮಾಡಿಸಬೇಕೆಂದು ನನಗೂ ಆಮೇಲೆ ಅನ್ನಿಸಲಿಲ್ಲ.

ಐದಾರು ವರ್ಷಗಳ ಮೇಲೆ, ನಾನು ಆ ಕೆಲಸ ಬಿಟ್ಟು ಗೌರಿಬಿದನೂರಿನ ಕಡೆ ಇದ್ದಾಗ, ಬೇರೇನೋ ಕಾರಣಕ್ಕೆ ಶಿಡ್ಲಘಟ್ಟಕ್ಕೆ ಹೋಗಿದ್ದೆ. ಓಣಿ ಹಾಗೆಯೇ ಇತ್ತು. ಭಾಯಿಯ ಗಡ್ಡ ಬೆಳ್ಳಗಾಗಿತ್ತು. ಕೆರೆ ಮತ್ತೆ ಒಣಗಿದೆ ಎಂದರು. ಈ ಮಧ್ಯೆ ಅವರ ಕೆಲಸವೆಲ್ಲ ಮೋಟರುಗಳನ್ನು ಇಳಿಸುವುದೇ ಆಗಿತ್ತಂತೆ, ಪ್ರತಿ ಬೇಸಿಗೆಗೆ ಇನ್ನೆರಡು ಪೈಪು ಕೆಳಕ್ಕೆ. ದೊಡ್ಡಮ್ಮನನ್ನು ಕೇಳಿದೆ.

"ಈಗ್ಲೂ ಮಾರ್ಕೆಟ್‌ಗೆ ಬರ್ತಾರೆ. ಬಸ್ಸಲ್ಲಿ ಎಂಜಿನ್ ಮುಂದೆ ತಾನೆ ಇರೋದು? ಚೀಲ ಹಿಂದಿನ ಸೀಟಲ್ಲೇ ಇಡಬೇಕು ಅಂತ ಕಂಡಕ್ಟರ್ ಜೊತೆ ದಿನಾ ಜಗಳ."

ಚಹ ಕುಡಿಯುತ್ತ ನೋಡಿದೆ. ಲೇತಿನ ಒಂದು ಕಾಲಿನ ಕೆಳಗೆ ಎರಡು ಮರದ ತುಂಡುಗಳು ಒಂದರ ಮೇಲೊಂದು ಕೂತಿದ್ದವು. ಕಂದು ಬಣ್ಣದ ಜಾಲಿ.

"ಅದು ನಿಮ್ಮ ದೋಣೀದೇ ಸಾರ್. ನೆಲ ಕುಸಿದಿತ್ತು. ಒಳ್ಳೆ ಮರ, ಬಿಸಾಕಕ್ಕೆ ಮನಸ್ಸಾಗ್ಲಿಲ್ಲ."

"ಎರಡು ತುಂಡು ಯಾಕಿದೆ?"

"ಎರಡು ಸಲ ಕುಯ್ದ್ವಲ್ಲ."

ಹಾರೆ ಕೊಟ್ಟು ಲೇತನ್ನು ಎತ್ತಿ ಹಿಡಿಯಲು ಅವರನ್ನು ಕೇಳಿದೆ. ತುಂಡುಗಳನ್ನು ಹೊರಗೆ ತೆಗೆದು ಬಾಗಿಲ ಬೆಳಕಿಗೆ ಹಿಡಿದೆ. ಎರಡೂ ಒಂದೊಂದು ಇಂಚು, ಗರಗಸ ತಿಂದದ್ದನ್ನು ಬಿಟ್ಟರೆ. ಒಂದರ ಅಂಚಿನಲ್ಲಿ ನೀಲಿ ಬಾಲ್‌ಪೆನ್ನಿನ ದಪ್ಪ ಗೆರೆ, ಪಕ್ಕದಲ್ಲಿ ಒಂದು ಬಾಣದ ಗುರುತು. ನಾನು ಈಗಲೂ ಬಾಣ ಹಾಕುವುದು ಹಾಗೆಯೇ. ಇನ್ನೊಂದರ ಮೇಲೆ ಕೂದಲೆಳೆಯಂಥ ಗೀರು, ಬೆರಳ ಉಗುರಿಗೆ ಮಾತ್ರ ಸಿಗುವಷ್ಟು ತೆಳು. ನಾನು ಜೀವಮಾನದಲ್ಲಿ ಗೀರುಮೊಳೆ ಹಿಡಿದವನಲ್ಲ.

"ಮೊದಲು ಒಂದು ಇಂಚು ಕುಯ್ದೆವಾ?"

"ಹೂಂ. ನೀವು ಒಂದು ಸಾಕು ಅಂದ್ರಿ, ಮೋಟು ತಾಗುತ್ತೆ ಅಂತ. ನೀರಿಗೆ ಹಾಕಿದ್ರೆ ಇನ್ನೂ ಸ್ವಲ್ಪ ಎಳೀತಿತ್ತು. ಆಮೇಲೆ ಇನ್ನೊಂದು."

"ರಸ್ತೆ ಮೇಲೆ ಹೋಗಣ ಅಂದಿದ್ದು?"

"ನೀವೇ."

"ಇನ್ನೊಂದು ಇಂಚು ಇಳಿಸಣ ಅಂದಿದ್ದು?"

ಅವರು ಲೇತಿನ ಮೇಲಿನ ಕಬ್ಬಿಣದ ಸುರುಳಿಗಳನ್ನು ಗುಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಅದೂ ನೀವೇ ಹೇಳಿದ್ರಿ ಸಾರ್" ಎಂದರು.

ಅಂದು ಅವರು ಮರೆತು ಹಾಗೆ ಹೇಳಿದರೋ, ಮರೆಯದೆ ಹೇಳಿದರೋ ನನಗೆ ಈಗಲೂ ತಿಳಿಯದು. ಎರಡನೆಯ ಸಲ ನೀರಿಗಿಳಿದದ್ದು, ಮತ್ತೆ ಹಿಂದಿರುಗಿ ಬಂದದ್ದು, ಯಾವುದೂ ನನ್ನ ತಲೆಯಲ್ಲಿ ಇಲ್ಲ. ಎಷ್ಟು ಹುಡುಕಿದರೂ ಇಲ್ಲ. ಗೀರಿದ್ದ ಆ ತುಂಡು ಮಾತ್ರ ಕೈಯಲ್ಲಿತ್ತು.

"ಬೇಗ ಕೊಡಿ ಸಾರ್. ಅದಿಲ್ದಿದ್ರೆ ಲೇತ್ ಕುಣಿಯುತ್ತೆ."

ನಾನು ಹಾರೆಯನ್ನು ಅದುಮಿ ಹಿಡಿದೆ. ಅವರು ಬಗ್ಗಿ ತುಂಡುಗಳನ್ನು ಒಳಗೆ ಸರಿಸಿದರು, ನನ್ನದು ಕೆಳಗೆ, ತಮ್ಮದು ಮೇಲೆ. ಹಾರೆ ಬಿಡಲು ಹೇಳಿ, ಲೇತಿನ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ಸ್ವಲ್ಪ ಅಲ್ಲಾಡಿ, ಎರಡು ಗೆರೆಗಳ ನಡುವೆ ಬಂದು ನಿಂತಿತು.